ಬಾಲಕ್ಕೆ ಬಿಪಿ ಪಟ್ಟಿ

ಇವತ್ತು ಲ್ಯಾಬಿನಲ್ಲಿ ಇಲಿಗಳ ಬಿಪಿ ನೋಡುವ ಕೆಲಸ. ನಮಗೆ ತೋಳಿಗೆ ಕಟ್ಟುವ ಪಟ್ಟಿ ಅವಕ್ಕೆ ಬಾಲಕ್ಕೆ. ಉಂಗುರದಷ್ಟೇ ಇರುತ್ತದೆ. ಮೊದಲು ಬಾಲ ಬೆಚ್ಚಗಾಗಬೇಕು, ಇಲ್ಲದಿದ್ದರೆ ನಾಡಿಯೇ ಸಿಗುವುದಿಲ್ಲ. ಇಲಿ ಗಾಬರಿಯಾದರಂತೂ ಬಿಪಿ ಸುಮ್ನೆ ಏರಿಬಿಡುತ್ತದೆ.

ಈ ತಳಿಗೆ ಬಿಪಿ ವಂಶದಿಂದಲೇ ಬಂದದ್ದು. ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ, ಆವೊಕಿ ಎಂಬ ಇಬ್ಬರು ವಿಜ್ಞಾನಿಗಳು ಬಿಪಿ ಜಾಸ್ತಿ ಇದ್ದ ಇಲಿಗಳನ್ನೇ ಆರಿಸಿ, ತಲೆಮಾರುಗಟ್ಟಲೆ ಕೂಡಿಸಿ ಬೆಳೆಸಿದರು. 1963ರಲ್ಲಿ ಅದನ್ನು ಪ್ರಕಟಿಸಿದರು. ಎಂಥ ತಾಳ್ಮೆ, ಅಲ್ವಾ?

2004ರಲ್ಲಿ ಇಲಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಇಡೀ ನಕ್ಷೆ, ಪ್ರಕಟವಾಯಿತು. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುವ ಜೀನ್ ಇಲಿಯಲ್ಲಿ ಸಿಕ್ಕಿತು.

ನಮ್ಮ ಮನೆಗಳಲ್ಲಿ ದಿನಾ ನುಂಗುವ ಎಷ್ಟೋ ಬಿಪಿ ಮಾತ್ರೆಗಳನ್ನು ಇಂಥ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಅದಕ್ಕೇ ಇವನ್ನು ಕೈಗೆತ್ತಿಕೊಳ್ಳುವಾಗ ಅವಸರ ಮಾಡಲು ನನಗೆ ಮನಸ್ಸಾಗುವುದಿಲ್ಲ.