ಹೊಂಡ ಕುಡಿದ ಅರಿಶಿನ

ಶಿರಸಿ ಸೀಮೆಯ ಅಡಿಕೆ ತೋಟಗಳ ನಡುವೆ ಇರುವ ಮೀನು ಹೊಂಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಟ್ಲಾ, ರೋಹು ಸಾಕುವವರಿಗೆ ಆಹಾರದ ಪ್ರಮಾಣ ಹೇಳುತ್ತೇನೆ, ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ ಮೀನು ತೂಗುತ್ತೇನೆ. ಆ್ಯಂಟಿಬಯೋಟಿಕ್‌ಗೆ ಕೈಹಾಕಬಾರದೆಂಬ ಹಟದಿಂದಲೇ ಆಹಾರಕ್ಕೆ ಬೆಳ್ಳುಳ್ಳಿ, ಅರಿಶಿನ ಬೆರೆಸಲು ಆರಂಭಿಸಿದೆ.

ಮೊದಲ ಸಲ ಮಾಡಿದ್ದು ಪೂರ್ತಿ ತಪ್ಪು. ಬೆಳ್ಳುಳ್ಳಿ ಎಸಳುಗಳನ್ನು ಇಡಿಯಾಗಿ ಕಷಾಯದಂತೆ ಕುದಿಸಿ, ಅದಕ್ಕೆ ಅರಿಶಿನ ಪುಡಿ ಕದಡಿ, ಗುಳಿಗೆ ಆಹಾರದ ಮೇಲೆ ಚಿಮುಕಿಸಿ ಹಸಿಯಾಗಿಯೇ ಎರಚಿದೆ. ನೀರು ಮುಟ್ಟಿದ್ದೇ ತಡ, ಒಂದೊಂದು ಗುಳಿಗೆಯ ಸುತ್ತಲೂ ಹಳದಿ ಉಂಗುರ ಬಿಚ್ಚಿಕೊಂಡಿತು. ರೋಹುಗಳು ಮೇಲೆ ಬರುವಷ್ಟರಲ್ಲಿ ಗುಳಿಗೆಗಳು ತೊಳೆದಿಟ್ಟಂತೆ ಕಂದು ಬಣ್ಣಕ್ಕೆ ಮರಳಿದ್ದವು. ಪಕ್ಕದಲ್ಲಿ ನಿಂತಿದ್ದ ತೋಟದ ಯಜಮಾನರು, “ತಮ್ಮಾ, ಔಷಧ ಕುಡಿದಿದ್ದು ಮೀನೋ, ಹೊಂಡವೋ?” ಎಂದು ಕೇಳಿದರು.

ಈಗ ಕುದಿಸುವುದಿಲ್ಲ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ, ರೋಗಾಣುಗಳನ್ನು ತಡೆಯುವ ಆಲಿಸಿನ್ ಎಂಬ ಸತ್ವ ಹುಟ್ಟುತ್ತದೆ; ಇಡಿಯಾಗಿ ಕುದಿಸಿದರೆ ಆ ಕಿಣ್ವವೇ ಹಾಳಾಗುತ್ತದೆ. ಅರಿಶಿನದ ಹಳದಿ ಸತ್ವವಾದ ಕುರ್ಕ್ಯುಮಿನ್‌ಗೆ ನೀರು ಒಗ್ಗದು, ಎಣ್ಣೆ ಬೇಕು. ಒಂದು ಕಿಲೋ ಆಹಾರಕ್ಕೆ 10 ಗ್ರಾಂ ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಬಿಡುತ್ತೇನೆ. 5 ಗ್ರಾಂ ಅರಿಶಿನವನ್ನು ಎರಡು ಚಮಚ ಎಣ್ಣೆಯಲ್ಲಿ ಕಲಸುತ್ತೇನೆ. ಎರಡನ್ನೂ ಆರಿದ ದಪ್ಪ ಗಂಜಿಗೆ ಸೇರಿಸಿ, ಗುಳಿಗೆಗಳಿಗೆ ತೆಳುವಾಗಿ ಸವರಿ, ನೆರಳಿನಲ್ಲಿ ಒಣಗಿಸುತ್ತೇನೆ. ಬಕೆಟ್ ನೀರಿಗೆ ನಾಲ್ಕು ಗುಳಿಗೆ ಹಾಕಿ, ಬಣ್ಣ ಬಿಡದಿದ್ದರೆ ಮಾತ್ರ ಹೊಂಡಕ್ಕೆ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ, ಹಾಗಾಗಿ ಅಂದಂದಿಗೆ ಬೇಕಾದಷ್ಟನ್ನೇ ತಯಾರಿಸುತ್ತೇನೆ. ಬೂಸ್ಟು ಹಿಡಿದ ಆಹಾರಕ್ಕಿಂತ ಏನೂ ಬೆರೆಸದ ಆಹಾರವೇ ಮೇಲು.

ಇನ್ನೊಂದು ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ. ಮಳೆ ಮುಗಿದು ಚಳಿ ಬೀಳುವ ಹೊತ್ತಿಗೆ ಒಂದು ಹೊಂಡದಲ್ಲಿ ಹುಣ್ಣು ರೋಗ ಕಾಣಿಸಿತು. ನಾನು ಬೆಳ್ಳುಳ್ಳಿಯ ಪ್ರಮಾಣ ಹೆಚ್ಚಿಸಿದೆ. ಆದರೆ ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಆಹಾರವನ್ನು. ಪಕ್ಕೆಯಲ್ಲಿ ಕೆಂಪು ಗಾಯವಾಗಿದ್ದ ಕಾಟ್ಲಾ ಒಂದು ದಡದ ಬದಿಯಲ್ಲೇ ಸುಮ್ಮನೆ ತೇಲುತ್ತಿತ್ತು. ಮೂತಿಯ ಮುಂದೆಯೇ ಬಿದ್ದ ಗುಳಿಗೆಯನ್ನೂ ಅದು ಮುಟ್ಟಲಿಲ್ಲ. ಶಿಲೀಂಧ್ರದಂಥ ಜೀವಿಯಿಂದ ಬರುವ ಈ ರೋಗ, ಸುಣ್ಣದಂಶ ಕಡಿಮೆಯಿರುವ ತಂಪು ನೀರಿನಲ್ಲಿ ಬೇಗ ಹರಡುತ್ತದೆ. ಜಂಬಿಟ್ಟಿಗೆ ಮಣ್ಣಿನ ನಮ್ಮ ಹೊಂಡಗಳ ನೀರು ಅಂಥದ್ದೇ. ನೀರಿಗೆ ಸುಣ್ಣ ಹಾಕಬೇಕಿದ್ದ ವಾರವನ್ನು ನಾನು ಬೆಳ್ಳುಳ್ಳಿ ಜಜ್ಜುವುದರಲ್ಲಿ ಕಳೆದಿದ್ದೆ.

ಮೂಲಿಕೆಯ ಆಹಾರವನ್ನು ಈಗ ಮೀನು ಚೆನ್ನಾಗಿ ತಿನ್ನುತ್ತಿರುವ ದಿನಗಳಲ್ಲೇ ಕೊಡಿಸುತ್ತೇನೆ. ಹುಣ್ಣು ರೋಗ ಬಂದಿದ್ದ ಆ ಹೊಂಡದ ಮನೆಯವರ ಕೊಟ್ಟಿಗೆಯಲ್ಲಿ ದಸರೆಗೆ ಮೊದಲೇ ಸುಣ್ಣದ ಚೀಲ ಬಂದು ಕುಳಿತಿರುತ್ತದೆ.