ಕಾಲು ಉಂಟಾ ಅದಕ್ಕೆ?

ಕಳೆದ ಭಾನುವಾರ ಬೆಳಗ್ಗೆ, ಬೆಂಗಳೂರಿನಿಂದ ಕಾಸರಗೋಡಿನ ಪೆರ್ಲದ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗ ಅಂಗಳದ ಕೇಪಳದ ಗೊಂಚಲಿಗೆ ಮೊಬೈಲ್ ಹಿಡಿದು "ಹಮ್ಮಿಂಗ್ ಬರ್ಡ್!" ಎಂದು ಕೂಗಿದ. ಆ ಹಕ್ಕಿ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲವೆಂದು ನಾನು ಹೇಳುವ ಮೊದಲೇ ಚಿಕ್ಕಮ್ಮ ಕೇಳಿದರು: "ಕೂರುವುದೇ ಇಲ್ಲವಲ್ಲ, ಕಾಲು ಉಂಟಾ ಅದಕ್ಕೆ?"

ವಾರವಿಡೀ ಈ ಪ್ರಶ್ನೆ ನನ್ನ ಕಿವಿಯಲ್ಲಿದೆ. ಓದಿದ ಹುಡುಗನಿಗಿಂತ ಚಿಕ್ಕಮ್ಮನೇ ಸರಿಯಾಗಿ ನೋಡಿದ್ದರು. ನಮ್ಮ ಸೂರಕ್ಕಿಯಾದರೆ ಹೆಚ್ಚಾಗಿ ಗೆಲ್ಲಿನಲ್ಲಿ ಕುಳಿತೇ ಮಕರಂದ ಹೀರುತ್ತದೆ. ಕೇಪಳಕ್ಕೆ ಬಂದಿದ್ದ ಇದು ಹಕ್ಕಿಯೇ ಅಲ್ಲ, ಹಗಲಿನಲ್ಲಿ ಹಾರುವ ಪತಂಗ, 1771ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಸೆಫನೋಡಿಸ್ ಹೈಲಸ್. ಗಾಜಿನಂಥ ರೆಕ್ಕೆ, ಹಸಿರು ಮೈ, ನಡುವಿಗೆ ಕೆಂಗಂದು ಪಟ್ಟಿ. ಚಕ್ಕುಲಿಯಂತೆ ಸುತ್ತಿಟ್ಟ ಸೊಂಡಿಲನ್ನು ಬಿಡಿಸಿ, ಜೇನುನೊಣಕ್ಕೆ ತಳ ಎಟುಕದ ಕೇಪಳದ ಸಪೂರ ಕೊಳವೆಯೊಳಕ್ಕೆ ಗಾಳಿಯಲ್ಲಿ ನಿಂತೇ ಇಳಿಸಿ, ಮರುಕ್ಷಣ ಪಕ್ಕದ ಹೂವಿಗೆ ಸರಿಯುತ್ತಿತ್ತು. ಕಾಲು ಆರೂ ಇವೆ, ಹಾರುವಾಗ ಮೈಗೆ ಒತ್ತಿಕೊಂಡಿರುತ್ತವೆ ಎಂದೆ. ಮುಸ್ಸಂಜೆಗೆ ಬರುವ ಇದರ ದಾಯಾದಿಗಳು ಗಂಡು ಬಪ್ಪಂಗಾಯಿ ಮರದ ಪರಾಗವನ್ನು ಹೆಣ್ಣು ಮರಕ್ಕೆ ಮುಟ್ಟಿಸುತ್ತವೆಂದಾಗ ಮಾತ್ರ ಚಿಕ್ಕಮ್ಮನಿಗೆ ಗೌರವ ಹುಟ್ಟಿತು. ಲಾಭವಿಲ್ಲದ್ದನ್ನು ಹೊಗಳುವ ಅಭ್ಯಾಸ ಅವರಿಗಿಲ್ಲ.

ಬುಧವಾರ ಅವರೇ ಗಂಧರಾಜದ ಗಿಡದಲ್ಲಿ ಬಾಲಕ್ಕೆ ಕೊಂಬಿರುವ ಬೆರಳುದ್ದದ ಹಸಿರು ಹುಳವನ್ನು ಕಂಡು ಚಪ್ಪಲಿ ಕೈಗೆತ್ತಿಕೊಂಡರು. ಕೊಂಬು ಚುಚ್ಚುವುದಿಲ್ಲ, ಭಾನುವಾರ ನೋಡಿದ ಪತಂಗದ ಮರಿಯೇ ಇದು ಎಂದು ತಡೆದೆ. "ಎಲೆಯೆಲ್ಲ ಇದು ತಿಂದರೆ ಹೂವು ಎಲ್ಲಿಂದ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಗೇರುತೋಟದ ಒಂದು ಕೀಟವನ್ನು ಕೊಲ್ಲಲೆಂದು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ಊರಿನಲ್ಲಿ ಕುಳಿತು, ಹತ್ತು ಎಲೆಯ ಲೆಕ್ಕ ಹಿಡಿಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಆ ಕಾಲದಲ್ಲಿ ಬಾವಿಗೆ ತೆಂಗಿನ ಮಡಲು ಮುಚ್ಚಿದ ಚಿಕ್ಕಮ್ಮನಿಗೆ ಅದನ್ನು ನಾನು ನೆನಪಿಸಬೇಕಾಗಿರಲಿಲ್ಲ, ನೆನಪಿಸಲೂ ಇಲ್ಲ. ಅವರು ಚಪ್ಪಲಿಯನ್ನು ಕೆಳಗೆ ಹಾಕಿ ಒಳಗೆ ಹೋದರು.

ಹುಳ ಈಗ ಗಿಡದಲ್ಲಿಲ್ಲ. ಕೋಶಕಟ್ಟಲು ಬುಡದ ಕಸದೊಳಗೆ ಇಳಿದಿರಬೇಕು, ಅಥವಾ ಚೆಂಬೂತದ ಪಾಲಾಗಿರಬೇಕು. ಇಂದು ಬೆಳಗ್ಗೆ ಅಂಗಳವನ್ನೆಲ್ಲ ಗುಡಿಸಿದ ಚಿಕ್ಕಮ್ಮ ಗಂಧರಾಜದ ಬುಡದ ತರಗೆಲೆಯನ್ನು ಮಾತ್ರ ಮುಟ್ಟಿರಲಿಲ್ಲ. ಕೇಳಿದ್ದಕ್ಕೆ, ಸೊಂಟನೋವು ಎಂದರು.