ಟೀಚರ್ ಬರೆದ ವೃತ್ತಗಳು

ಕಳೆದ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಟೀಚರ್ ತೀರಿಕೊಂಡರು. ಮಾನವ ವಿಕಾಸ ಮತ್ತು ಕೌಟುಂಬಿಕ ಸಂಬಂಧಗಳ ಪಾಠವನ್ನು ಅವರಿಂದ ಕೇಳಿದ ನಾವೆಲ್ಲ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಉಪ್ಪಳದ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದವರು. ಮನೋವಿಜ್ಞಾನಿ ಎರಿಕ್ಸನ್ ಹೇಳಿದ ಬದುಕಿನ ಎಂಟು ಹಂತಗಳು ಈಗ ಅರ್ಧಂಬರ್ಧ ನೆನಪು. ಟೀಚರ್ ಹಲಗೆಯ ಮೇಲೆ ಬರೆಯುತ್ತಿದ್ದ ವೃತ್ತಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ.

ಬ್ರಾನ್‌ಫೆನ್‌ಬ್ರೆನರ್ ಎಂಬ ಮನೋವಿಜ್ಞಾನಿ 1979ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸಿದ್ಧಾಂತ ಅದು. ನಡುವೆ ಮಗು, ಸುತ್ತ ಮನೆ ಮತ್ತು ಶಾಲೆ, ಅದರಾಚೆ ಹೆತ್ತವರ ಉದ್ಯೋಗ, ಇನ್ನೂ ಆಚೆ ಕಾನೂನು, ಸಂಸ್ಕೃತಿ. ಟೀಚರ್ ಆ ನಡುವಿನ ಮಗುವನ್ನು ಕುಂಬಳೆಯ ಮಗುವಾಗಿಸಿದರು. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಕಚೇರಿಯ ಅರ್ಜಿಯಲ್ಲಿ ಮತ್ತೆ ಮಲಯಾಳ. "ಇದು ದಿನಕ್ಕೆ ಎಷ್ಟು ಗಡಿ ದಾಟುತ್ತದೆ, ಲೆಕ್ಕ ಹಾಕಿ" ಎಂದರು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ಪುನರ್ವಿಂಗಡಣೆ ಮಗುವಿನ ಸ್ಲೇಟಿನವರೆಗೂ ಬರುತ್ತದೆಂದು ನನಗೆ ಗೊತ್ತಾದದ್ದು ಅಂದು.

ಕುಟುಂಬದ ಪಾಠವೂ ಹಾಗೆಯೇ. ಪುಸ್ತಕದ ವಂಶವೃಕ್ಷ ಅಜ್ಜನಿಂದ ಶುರುವಾಗುತ್ತಿತ್ತು. ಬಂಟರ ಮನೆಯ ಗೆಳತಿಯೊಬ್ಬಳು ತನ್ನ ಮನೆಯ ಯಜಮಾನರಾದ ಸೋದರಮಾವನನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತ ಕುಳಿತಿದ್ದಳು. ಟೀಚರ್ ಅವಳ ಹಾಳೆಯನ್ನು ತಿರುವಿ ಹಾಕಿ, ಮೇಲೆ ಅಜ್ಜಿಯ ಹೆಸರು ಬರೆಸಿದರು. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಕಟ್ಟಿನಲ್ಲಿ ಕವರು, ಅಂದರೆ ಕುಟುಂಬದ ಕವಲು, ಒಡೆಯುವುದು ಹೆಣ್ಣಿನಿಂದ ಎಂದರು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ ಕಾನೂನು 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಮೇಲೆ ಆಸ್ತಿ ಪಾಲಾಯಿತು. ಮಾವನ ಮಾತಿನ ತೂಕ ಎಷ್ಟೋ ಮನೆಗಳಲ್ಲಿ ಪಾಲಾಗಲಿಲ್ಲ. ಅದನ್ನು ಮನೆಮನೆಗೆ ಹೋಗಿ ಕೇಳಿ ಬನ್ನಿ ಎಂದು ನಮ್ಮನ್ನು ಕಳುಹಿಸಿದರು. ನಾನು ಬರೆದು ತಂದ ವರದಿಯನ್ನು ಇಡೀ ತರಗತಿಗೆ ಓದಿ ಹೇಳಿದ್ದರು. ಆ ಹೆಮ್ಮೆ ಇಂದಿಗೂ ಇದೆ.

ತುಂಟತನಕ್ಕೂ ಕೊರತೆಯಿರಲಿಲ್ಲ. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಪಿಯಾಜೆಯ ಪ್ರಯೋಗಕ್ಕೆಂದು ಒಮ್ಮೆ ಟೀಚರ್ ಮನೆಯಿಂದ ಪುನರ್ಪುಳಿ ಶರಬತ್ತು ಮಾಡಿ ತಂದಿದ್ದರು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಒಂದನ್ನು ಮಕ್ಕಳ ಕಣ್ಣೆದುರೇ ಸಪೂರದ ಎತ್ತರದ ಲೋಟಕ್ಕೆ ಸುರಿದರೆ, ನಾಲ್ಕೈದು ವರ್ಷದವರು ಸಾಮಾನ್ಯವಾಗಿ ಎತ್ತರದ್ದರಲ್ಲೇ ಹೆಚ್ಚಿದೆ ಎನ್ನುತ್ತಾರೆ. ಅಂಗನವಾಡಿಯ ಮಕ್ಕಳು ಬರುವುದು ತಡವಾಯಿತು, ಸೆಖೆಯೋ ಸೆಖೆ. ಹಿಂದಿನ ಬೆಂಚಿನವರು ಶುರು ಮಾಡಿದರು, ಮುಂದಿನ ಬೆಂಚಿನವರು ಮುಗಿಸಿದರು. ಟೀಚರ್ ಒಳಗೆ ಬಂದು ಖಾಲಿ ಲೋಟಗಳನ್ನು ನೋಡಿದರು. ನಮ್ಮ ಕೆಂಪಾದ ತುಟಿಗಳನ್ನೂ ನೋಡಿದರು. "ಯಾವ ಲೋಟದಲ್ಲಿ ಹೆಚ್ಚಿತ್ತು?" ಎಂದಷ್ಟೇ ಕೇಳಿದರು. ಒಬ್ಬಳು ಗಂಭೀರವಾಗಿ "ಉದ್ದದ್ದರಲ್ಲಿ ಟೀಚರ್" ಎಂದಳು. ಅವರು ಅಷ್ಟು ನಕ್ಕದ್ದನ್ನು ನಾವು ಮತ್ತೆಂದೂ ನೋಡಲಿಲ್ಲ. ಆ ದಿನದ ಪ್ರಯೋಗ ಬರೀ ನೀರಿನಲ್ಲಿ ನಡೆಯಿತು.

ಮುಂದೆ ನಾನು ಕುಟುಂಬ ಆಪ್ತಸಮಾಲೋಚನೆಯನ್ನೇ ವೃತ್ತಿಯಾಗಿಸಿಕೊಂಡೆ. ಜಗಳವಾಡಿಕೊಂಡು ಬಂದ ಗಂಡ ಹೆಂಡಿರು ನನ್ನೆದುರು ಕುಳಿತು, ಎದ್ದು ಹೋಗುವಾಗ ಒಟ್ಟಿಗೆ ಬಸ್ಸು ಹತ್ತಿದ್ದುಂಟು. ತರಬೇತಿಗೆ ಬರುವ ಈಗಿನ ವಿದ್ಯಾರ್ಥಿಗಳು ಚುರುಕಿನವರೇ. ಆದರೆ ಮಗುವಿನ ವೀಕ್ಷಣಾ ವರದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಹತ್ತು ಮಂದಿಯ ಪುಸ್ತಕದಲ್ಲಿ ಒಂದೇ ಮಗು ಒಂದೇ ರೀತಿ ಅಳುತ್ತದೆ. ಮಗುವಿನೆದುರು ಅರ್ಧ ಗಂಟೆ ಸುಮ್ಮನೆ ಕುಳಿತು ನೋಡುವುದಕ್ಕೆ ಅಂಕಗಳಿಲ್ಲದಿರುವುದು ಅವರ ತಪ್ಪಲ್ಲ. ಹಾಗೆ ಕೂರಿಸುವವರು ಬೇಕು.

ಟೀಚರ್ ಕೆಂಪು ಶಾಯಿಯಲ್ಲಿ ತಿದ್ದಿದ ನಮ್ಮ ವೀಕ್ಷಣಾ ಪುಸ್ತಕಗಳು ಯಾರ್ಯಾರದೋ ಮನೆಯ ಅಟ್ಟದಲ್ಲಿ ಉಳಿದಿರಬೇಕು. ಇದನ್ನು ಓದುವ ಗೆಳತಿಯರು ಅವನ್ನು ಹುಡುಕಿ ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನದನ್ನು ಬೇಸಗೆ ರಜೆಗೆ ಮೊದಲೇ ತಂದುಕೊಡುತ್ತೇನೆ. ಎಲ್ಲದರ ಬೈಂಡಿಂಗ್ ಖರ್ಚು ನನ್ನದು.